ಗಿರಾಕಿ ಇಲ್ಲದ ಕೋಣೆ

ಮೇಜಿನ ಮೇಲೆ ಪೆನ್ನೊಂದನ್ನು ಇಟ್ಟು, "ಎಲ್ಲಿ, ಇದನ್ನು ನನಗೆ ಮಾರಿ ನೋಡೋಣ" ಎನ್ನುವ ಮ್ಯಾನೇಜರುಗಳಿಗೆ ಈಚೆಗೆ ಬರವಿಲ್ಲ. ಪ್ರಶ್ನೆಯೇನೋ ಹಳೆಯದೇ. ಆದರೆ 2013ರಲ್ಲಿ ಮಾರ್ಟಿನ್ ಸ್ಕಾರ್ಸೆಸಿಯ 'ದಿ ವುಲ್ಫ್ ಆಫ್ ವಾಲ್ ಸ್ಟ್ರೀಟ್' ತೆರೆಗೆ ಬಂದ ಮೇಲೆ ಅದಕ್ಕೊಂದು ಶಾಸ್ತ್ರೋಕ್ತ ಸ್ಥಾನ ದೊರೆತಿದೆ. ಆ ಸಿನಿಮಾದ ನಾಯಕ ಜೋರ್ಡನ್ ಬೆಲ್‌ಫೋರ್ಟ್ ಕಟ್ಟುಕಥೆಯ ಮನುಷ್ಯನಲ್ಲ. ಬೆಲೆಯಿಲ್ಲದ ಷೇರುಗಳನ್ನು ಜನರ ತಲೆಗೆ ಕಟ್ಟಿ ಜೈಲು ಕಂಡು ಬಂದವನು. ಅವನ ಹೆಸರಿನೊಂದಿಗೆ ತಳುಕು ಹಾಕಿಕೊಂಡ ಪರೀಕ್ಷೆಯಲ್ಲಿ ಪಾಸಾದವರು ನಮಗೆ ಆರೋಗ್ಯ ವಿಮೆ, ನೀರು ಶುದ್ಧಮಾಡುವ ಯಂತ್ರ, ಮಕ್ಕಳ ಟ್ಯೂಷನ್ ಆ್ಯಪ್ ಮಾರಲು ಯೋಗ್ಯರೆಂದು ಕಂಪನಿಗಳು ತಿಳಿದಿರುವುದು ಸೋಜಿಗ. ಇಷ್ಟಕ್ಕೂ ಪೆನ್ನು ಬರುವುದು ನಡುವಿನ ಒಂದು ಸುತ್ತಿನಲ್ಲಿ. ಅದಕ್ಕೆ ಮುಂಚೆ ಎಚ್.ಆರ್. ಅವರ ಫೋನು, ಆನ್‌ಲೈನಿನಲ್ಲಿ ಆಪ್ಟಿಟ್ಯೂಡ್ ಪರೀಕ್ಷೆ, ಗ್ರೂಪ್ ಡಿಸ್ಕಷನ್ ಎಂಬ ಸಂತೆ. ಅದಾದ ಮೇಲೆ ಮಾಕ್ ಕಾಲ್, ಏರಿಯಾ ಮ್ಯಾನೇಜರ್, ಅವರ ಮೇಲಿನ ರೀಜನಲ್ ಮ್ಯಾನೇಜರ್, ತೊಂಬತ್ತು ದಿನಗಳ ಯೋಜನೆಯ ಪ್ರೆಸೆಂಟೇಶನ್, ಕೊನೆಗೆ "ಸುಮ್ಮನೆ ಒಂದು ಮಾತುಕತೆ" ಎಂದು ಕರೆಯುವ ಸಂಸ್ಥಾಪಕರ ದರ್ಶನ. ಇಷ್ಟೆಲ್ಲ ದಾಟಿದವರಿಗೆ ಸಿಗುವ ಕೆಲಸ, ಬಿಸಿಲಿನಲ್ಲಿ ಬೈಕು ಓಡಿಸುತ್ತ ಅಂಗಡಿಯಿಂದ ಅಂಗಡಿಗೆ ಹೋಗಿ ಆರ್ಡರ್ ಬರೆದುಕೊಳ್ಳುವುದೋ, ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಬೇಡವೆನ್ನುವವರಿಗೆ ಫೋನ್ ಮಾಡುವುದೋ ಆಗಿರುತ್ತದೆ.

ಈ ಪರೀಕ್ಷೆ ಕಠಿಣ ಎಂಬುದು ನನ್ನ ತಕರಾರಲ್ಲ. ಮಾರಾಟ ಸುಲಭದ ಕೆಲಸವಲ್ಲ, ಅದಕ್ಕೆ ಆಯ್ಕೆ ಸುಲಭವಾಗಿರಬೇಕೆಂದು ಕೇಳುವುದೂ ಸರಿಯಲ್ಲ. ಕಠಿಣವಾಗಬೇಕಾದ ಜಾಗದಲ್ಲಿ ಅದು ಸಡಿಲವಾಗಿದೆ, ಸಡಿಲವಾಗಿದ್ದರೂ ನಡೆಯುವ ಜಾಗದಲ್ಲಿ ಕಠಿಣವಾಗಿದೆ ಎಂಬುದಷ್ಟೇ ನನ್ನ ವಾದ. ಈ ವಿಷಯವನ್ನು ನಾನು ನೋಡುತ್ತಿರುವುದು ಮೇಜಿನ ಆ ಬದಿಯಿಂದಲ್ಲ, ಈ ಬದಿಯಿಂದಲೂ ಅಲ್ಲ. ಆ ಕೋಣೆಗೆ ಯಾರೂ ಕರೆಯದ ಮೂರನೆಯವನ ಸ್ಥಾನದಿಂದ, ಅಂದರೆ ಗಿರಾಕಿಯಾಗಿ. ಹುಟ್ಟಿದಾಗಿನ ಬೇಬಿ ಪೌಡರಿನಿಂದ ಹಿಡಿದು ನಿವೃತ್ತಿಯ ಪಿಂಚಣಿ ಯೋಜನೆಯವರೆಗೆ ಯಾರೋ ಒಬ್ಬರು ಏನನ್ನೋ ಮಾರುತ್ತಲೇ ಬಂದಿರುವ ಬದುಕು ನಮ್ಮದು. ಆದ್ದರಿಂದ ಯಾರು ಚೆನ್ನಾಗಿ ಮಾರುತ್ತಾರೆ ಎಂಬುದರಲ್ಲಿ ನಮಗೂ ಒಂದಿಷ್ಟು ಅಧಿಕಾರವಾಣಿ ಸಲ್ಲಬೇಕು. ಬಡಗಿಯನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಅವನ ಮಾತು ಕೇಳಿ ಕುರ್ಚಿ ಚೆನ್ನಾಗಿರುತ್ತದೆ ಎಂದು ನಂಬುವುದಿಲ್ಲ, ಏಕೆಂದರೆ ಮಾತು ಬೇರೆ, ಕುರ್ಚಿ ಬೇರೆ ಎಂಬುದು ಕಣ್ಣಿಗೇ ಕಾಣುತ್ತದೆ. ಮಾರಾಟದಲ್ಲಿ ಈ ಗೆರೆ ಅಳಿಸಿಹೋಗಿದೆ. ಸಂದರ್ಶನದಲ್ಲೂ ಮಾತು, ಕೆಲಸದಲ್ಲೂ ಮಾತು. ಹೀಗಾಗಿ ಪರೀಕ್ಷೆಯನ್ನೇ ಕೆಲಸವೆಂದು ತಿಳಿಯುವ ಮೋಸ ಇಲ್ಲಿ ಆಗುವಷ್ಟು ಬೇರೆ ಯಾವ ವೃತ್ತಿಯಲ್ಲೂ ಆಗಲಾರದು. ಅದರ ಮೇಲೆ, ಅಂಕ ಹಾಕಲು ಕುಳಿತವರು ಸ್ವತಃ ಮಾರಿ ಮೇಲೆ ಬಂದವರು. "ಮನುಷ್ಯನನ್ನು ನೋಡಿದ ಐದೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತೆ" ಎಂಬುದು ಅವರ ವೃತ್ತಿಯ ಹೆಮ್ಮೆ. ಈ ಹೆಮ್ಮೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ, ಮತ್ತು ಆ ಚರಿತ್ರೆ ಹೆಮ್ಮೆಪಡುವಂಥದಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದಲ್ಲಿ ಕಾರ್ಖಾನೆಗಳು ಬೇಕಾದ್ದಕ್ಕಿಂತ ಹೆಚ್ಚು ಸರಕು ತೆಗೆಯತೊಡಗಿದಾಗ ಊರೂರು ತಿರುಗಿ ಮಾರುವವರು ದೊಡ್ಡ ಸಂಖ್ಯೆಯಲ್ಲಿ ಬೇಕಾದರು. ಯಾರನ್ನು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಅಂದಿನ ಒಂದು ಜನಪ್ರಿಯ ಉತ್ತರ ಮುಖಲಕ್ಷಣದ್ದು. ಕ್ಯಾಥರೀನ್ ಬ್ಲ್ಯಾಕ್‌ಫರ್ಡ್ ಎಂಬ ವೈದ್ಯೆ 1910ರ ದಶಕದಲ್ಲಿ ಕಂಪನಿಗಳಿಗೆ ಆಯ್ಕೆಯ ಪದ್ಧತಿಯೊಂದನ್ನೇ ರೂಪಿಸಿ ಕೊಟ್ಟರು. ಅವರ ಪ್ರಕಾರ ಹೊಂಬಣ್ಣದ ಕೂದಲು, ತಿಳಿ ಮೈಬಣ್ಣದವರು ಚುರುಕು, ಮುನ್ನುಗ್ಗುವವರು. ಕಪ್ಪು ಕೂದಲಿನವರು ತಾಳ್ಮೆಯ, ಅನುಕರಣೆಯ, ಹೇಳಿದ್ದು ಕೇಳುವ ಜನ. ಹುದ್ದೆಗೆ ತಕ್ಕ ಕೂದಲನ್ನು ಆರಿಸಿದರಾಯಿತು. ಈ ಲೆಕ್ಕ ಹಿಡಿದಿದ್ದರೆ ಭಾರತದಲ್ಲಿ ಇವತ್ತಿನವರೆಗೂ ಒಂದು ಸೋಪೂ ಮಾರಾಟವಾಗಬಾರದಿತ್ತು. 1922ರಲ್ಲಿ ಡೊನಾಲ್ಡ್ ಪ್ಯಾಟರ್ಸನ್ ಮತ್ತು ಕ್ಯಾಥರೀನ್ ಲಡ್‌ಗೇಟ್ ಎಂಬ ಸಂಶೋಧಕರು ಎರಡೂ ಬಣ್ಣದವರ ಗುಣಗಳನ್ನು ಎಣಿಸಿ ನೋಡಿ, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ತೋರಿಸಿದರು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ನಮ್ಮ ರೈತರೂ ಎತ್ತಿನ ಸುಳಿ ನೋಡುತ್ತಾರೆ, ಹಲ್ಲು ಎಣಿಸುತ್ತಾರೆ. ಆದರೆ ಜೇಬಿನಿಂದ ದುಡ್ಡು ತೆಗೆಯುವ ಮುಂಚೆ ಜೋಡಿಯನ್ನು ನಡೆಸಿ, ನೊಗಕ್ಕೆ ಹೂಡಿ ನೋಡದೆ ಬಿಡುವ ರೈತ ಬಹಳ ಧೈರ್ಯಶಾಲಿಯೇ ಇರಬೇಕು. ಕಂಪನಿಗಳು ಸುಳಿ ನೋಡುವುದನ್ನಷ್ಟೇ ಕಲಿತು ನೊಗವನ್ನು ಮರೆತವು.

ನೊಗದ ನೆನಪು ಮಾಡಿಕೊಟ್ಟವರಲ್ಲಿ ಮೊದಲಿಗರು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಾಲ್ಟರ್ ಡಿಲ್ ಸ್ಕಾಟ್. ಜಾಹೀರಾತಿನ ಮನಶ್ಶಾಸ್ತ್ರ ಬರೆದು ಹೆಸರಾಗಿದ್ದ ಸ್ಕಾಟ್ 1915ರಲ್ಲಿ ಒಂದು ಸರಳ ಪ್ರಯೋಗವನ್ನು ವರದಿ ಮಾಡಿದರು. ಮಾರಾಟದ ಕೆಲಸಕ್ಕೆ ಬಂದ 36 ಅಭ್ಯರ್ಥಿಗಳನ್ನು ಅನುಭವಸ್ಥರಾದ ಆರು ಮ್ಯಾನೇಜರುಗಳು ಒಬ್ಬೊಬ್ಬರಾಗಿ ಸಂದರ್ಶಿಸಿ ತಮ್ಮ ತಮ್ಮ ಕ್ರಮಾಂಕಪಟ್ಟಿ ಕೊಡಬೇಕು, ಅಷ್ಟೇ. ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ 28 ಮಂದಿಯ ವಿಷಯದಲ್ಲಿ, ಅವರು ಮೇಲಿನ ಅರ್ಧಕ್ಕೆ ಸೇರಬೇಕೋ ಕೆಳಗಿನ ಅರ್ಧಕ್ಕೋ ಎಂಬುದರಲ್ಲೇ ಆರು ಮಂದಿಗೆ ಒಮ್ಮತವಿರಲಿಲ್ಲ. ಯಾರು ಮೊದಲು, ಯಾರು ಎರಡನೆಯವರು ಎಂಬ ಸೂಕ್ಷ್ಮದ ಮಾತಲ್ಲ ಇದು. ಬೇಕೋ ಬೇಡವೋ ಎಂಬ ಮೊದಲ ಮೆಟ್ಟಿಲಿನ ಮಾತು. ಏಳು ವರ್ಷದ ನಂತರ ಹ್ಯಾರಿ ಹಾಲಿಂಗ್‌ವರ್ತ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಪ್ರಕಟಿಸಿದ ಲೆಕ್ಕ ಇನ್ನೂ ಮುಜುಗರದ್ದು. ಅಲ್ಲಿ 12 ಸೇಲ್ಸ್ ಮ್ಯಾನೇಜರುಗಳು, 57 ಅಭ್ಯರ್ಥಿಗಳು. ಒಬ್ಬ ಮ್ಯಾನೇಜರ್ ಪಟ್ಟಿಯ ತಲೆಯಲ್ಲಿ ಕೂರಿಸಿದ ಅಭ್ಯರ್ಥಿಯನ್ನೇ ಇನ್ನೊಬ್ಬರು ಪಟ್ಟಿಯ ಬಾಲಕ್ಕೆ ತಳ್ಳಿದ್ದರು. ಇಬ್ಬರಿಗೂ ಐದು ನಿಮಿಷದಲ್ಲಿ ಗೊತ್ತಾಗಿಬಿಟ್ಟಿತ್ತು ಎಂದು ಬೇರೆ ಹೇಳಬೇಕಿಲ್ಲ. ಇಷ್ಟು ತಿಳಿದ ಮೇಲೂ, ಇವತ್ತಿನ ಕಂಪನಿಗಳು ಒಬ್ಬರ ಅಂದಾಜು ಸಾಲದಿದ್ದರೆ ಆರು ಜನರ ಅಂದಾಜು ಸೇರಿಸಿದರಾಯಿತು ಎಂದು ಸುತ್ತುಗಳನ್ನು ಹೆಚ್ಚಿಸುತ್ತ ಹೋಗುವುದು ವಿಚಿತ್ರ. ಆರು ಗಡಿಯಾರಗಳು ಬೇರೆ ಬೇರೆ ಹೊತ್ತು ತೋರಿಸುತ್ತಿದ್ದರೆ ಅವುಗಳ ಸರಾಸರಿ ತೆಗೆದು ರೈಲು ಹಿಡಿಯುವುದಕ್ಕೆ ಯಾರೂ ಹೊರಡುವುದಿಲ್ಲ.

ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. 1916ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ತಂತ್ರಜ್ಞಾನ ಸಂಸ್ಥೆಯಲ್ಲಿ, ಕಂಪನಿಗಳ ಹಣದ ನೆರವಿನಿಂದ, ಮಾರಾಟಗಾರಿಕೆಯ ಸಂಶೋಧನೆಗಾಗಿಯೇ ಒಂದು ವಿಭಾಗ ಹುಟ್ಟಿತು. ಸ್ಕಾಟ್ ಅದರ ನಿರ್ದೇಶಕರಾದರು. ಅರ್ಜಿ ನಮೂನೆ, ಹಿಂದಿನ ಮಾಲೀಕರಿಗೆ ಬರೆಯಬೇಕಾದ ಪತ್ರ, ಅಂಕ ಹಾಕುವ ಅಳತೆಪಟ್ಟಿ ಎಲ್ಲವೂ ಅಲ್ಲಿ ಸಿದ್ಧವಾದವು. ಮರುವರ್ಷ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ಮಾರಾಟಗಾರರನ್ನು ಅಳೆಯಲು ಮಾಡಿದ ಅಳತೆಪಟ್ಟಿಯನ್ನೇ ತಿದ್ದಿ ಸೈನ್ಯದ ಅಧಿಕಾರಿಗಳನ್ನು ಅಳೆದರು. ಇಂದು ಜಗತ್ತಿನ ಎಲ್ಲ ಆಫೀಸುಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಅಪ್ರೈಸಲ್ ಎಂಬ ಸಂಕಟದ ಮೂಲಗಳಲ್ಲಿ ಒಂದು, ಸೇಲ್ಸ್‌ಮನ್‌ಗಳಿಗಾಗಿ ಹೊಲಿದ ಈ ಅಂಗಿ. ಆಮೇಲಿನ ನೂರು ವರ್ಷಗಳಲ್ಲಿ ಸಾವಿರಾರು ಅಧ್ಯಯನಗಳಾದವು. ಪಾಲ್ ಸ್ಯಾಕೆಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 2022ರಲ್ಲಿ ಅವುಗಳನ್ನು ಮತ್ತೆ ಜರಡಿ ಹಿಡಿದಾಗ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಮೊದಲೇ ನಿಗದಿಯಾದ ಅಳತೆಯಲ್ಲಿ ಅಂಕ ಹಾಕುವ ಸಂದರ್ಶನಕ್ಕೆ 0.42ರಷ್ಟು ಮುನ್ನೋಟ ಸಿಕ್ಕಿತು. ಮನಸ್ಸಿಗೆ ಬಂದಂತೆ ಹರಟುವ ಸಂದರ್ಶನಕ್ಕೆ 0.19 ಮಾತ್ರ. ಸೊನ್ನೆಯೆಂದರೆ ಕವಡೆ ಹಾಕಿದಂತೆ, ಒಂದೆಂದರೆ ತ್ರಿಕಾಲಜ್ಞಾನ. ಎರಡೂ ತ್ರಿಕಾಲಜ್ಞಾನದಿಂದ ದೂರವೇ ಇವೆ. ಆದರೆ ಮ್ಯಾನೇಜರುಗಳಿಗೆ ಪ್ರಿಯವಾದದ್ದು ಕವಡೆಗೆ ಹತ್ತಿರವಿರುವ ಎರಡನೆಯದು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉಳಿದ ಕೆಲಸಗಳ ಮಾತು ಹಾಗಿರಲಿ, ಮಾರಾಟದಲ್ಲಿ ಸಂದರ್ಶನವೇ ನೊಗವಲ್ಲವೇ? ಅಪರಿಚಿತರ ಎದುರು ಕುಳಿತು, ಅವರ ಅನುಮಾನಗಳನ್ನು ಒಂದೊಂದಾಗಿ ಬಿಡಿಸಿ, ಕೊನೆಗೆ ಹೂಂ ಅನ್ನಿಸುವುದು ತಾನೇ ಆ ಕೆಲಸ? ತನ್ನನ್ನೇ ಮಾರಿಕೊಳ್ಳಲಾಗದವರು ಕಂಪನಿಯ ಮಾಲನ್ನು ಹೇಗೆ ಮಾರಿಯಾರು? ಕೇಳುವುದಕ್ಕೆ ಅಚ್ಚುಕಟ್ಟಾದ ವಾದ. ಆದರೆ ಗಿರಾಕಿಯ ಕುರ್ಚಿಯಲ್ಲಿ ಕುಳಿತು ನೋಡಿದರೆ ಅದರ ಬಿರುಕು ಕಾಣುತ್ತದೆ. ಸಂದರ್ಶನಕ್ಕೆ ಕುಳಿತ ಮ್ಯಾನೇಜರ್ ಕೊಳ್ಳುವುದಕ್ಕೆಂದೇ ಬಂದವರು. ಸಮಯ ಮೀಸಲಿಟ್ಟಿದ್ದಾರೆ, ಎಸಿ ಹಾಕಿಸಿದ್ದಾರೆ, ಮುಂದಿರುವವರ ಮಾತನ್ನು ಮುಕ್ಕಾಲು ಗಂಟೆ ಕೇಳಲು ಅವರಿಗೆ ಸಂಬಳವಿದೆ. ನಿಜವಾದ ಗಿರಾಕಿ ಕರೆದವರಲ್ಲ. ಔಷಧ ಕಂಪನಿಯ ಎಂ.ಆರ್. ಡಾಕ್ಟರ ಚೇಂಬರಿನ ಹೊರಗೆ ರೋಗಿಗಳೆಲ್ಲ ಕರಗುವವರೆಗೆ ಬ್ಯಾಗು ಹಿಡಿದು ನಿಂತು, ಒಳಗೆ ಪಡೆಯುವುದು ಒಂದೆರಡು ನಿಮಿಷ. ಅದರಲ್ಲಿ ಅರ್ಧ ಡಾಕ್ಟರ ಮೊಬೈಲಿಗೆ ಹೋಗುತ್ತದೆ. ದಿನಸಿ ಅಂಗಡಿಗೆ ಬರುವ ಲೈನ್ ಸೇಲ್ಸ್‌ಮನ್ನಿನ ಎದುರು ಅಂಗಡಿಯವರು ಬೇರೆಯವರಿಗೆ ಸಕ್ಕರೆ ತೂಗುತ್ತಲೇ, "ಹೋದ ಸಲದ ಡ್ಯಾಮೇಜ್ ಮಾಲೇ ವಾಪಸ್ ಹೋಗಿಲ್ಲ, ಹೊಸಾ ಸ್ಕೀಮ್ ಏನಪ್ಪಾ ಹೇಳ್ತೀಯ?" ಎನ್ನುತ್ತಾರೆ. ಆ ಪ್ರಶ್ನೆಗೆ ಪೆನ್ನಿನ ವರ್ಣನೆ ಉತ್ತರವಲ್ಲ. ಡ್ಯಾಮೇಜ್ ಮಾಲನ್ನು ಲೆಕ್ಕ ಹಾಕಿ, ಡಿಸ್ಟ್ರಿಬ್ಯೂಟರನ್ನು ಕಾಡಿ ಬೇಡಿ, ಮುಂದಿನ ವಾರ ಕ್ರೆಡಿಟ್ ನೋಟ್ ಹಿಡಿದು ಬರುವುದೇ ಉತ್ತರ. ಮಾರಾಟದ ಬಹುಪಾಲು ಇರುವುದು ಹೀಗೆ ಮತ್ತೆ ಬರುವುದರಲ್ಲಿ, ಕೊಟ್ಟ ಮಾತು ನೆನಪಿಡುವುದರಲ್ಲಿ, ಉದ್ರಿ ವಸೂಲಿ ಮಾಡಿಯೂ ಸಂಬಂಧ ಕೆಡದಂತೆ ನೋಡಿಕೊಳ್ಳುವುದರಲ್ಲಿ. ಸಂದರ್ಶನ ಅಳೆಯುವುದು ಮೊದಲ ಭೇಟಿಯನ್ನು. ಅದೂ ಬಾಗಿಲು ತೆರೆದೇ ಇರುವ ಮನೆಯ ಮೊದಲ ಭೇಟಿಯನ್ನು.

ಈ ಮಾತಿಗೆ ಲೆಕ್ಕದ ಬೆಂಬಲವೂ ಇದೆ. ಸೇಲ್ಸ್‌ಗೆ ಬಾಯಿಬಡುಕರೇ ಸರಿ ಎಂಬುದು ಎಲ್ಲರೂ ನಂಬಿರುವ ಮಾತು, ಗ್ರೂಪ್ ಡಿಸ್ಕಷನ್ ಎಂಬುದು ಆ ನಂಬಿಕೆಯ ದೇವಸ್ಥಾನ. ಮನಶ್ಶಾಸ್ತ್ರಜ್ಞ ಆಡಂ ಗ್ರಾಂಟ್ 2013ರಲ್ಲಿ ಫೋನಿನ ಮೂಲಕ ಮಾರುವ 340 ಮಂದಿಯ ಸ್ವಭಾವವನ್ನೂ ಅವರು ತಂದ ಆದಾಯವನ್ನೂ ಹೋಲಿಸಿ ನೋಡಿದರು. ಅತಿ ಬಹಿರ್ಮುಖಿಗಳು ಅಂತರ್ಮುಖಿಗಳಿಗಿಂತ ಹೇಳಿಕೊಳ್ಳುವಷ್ಟೇನೂ ಮುಂದೆ ಇರಲಿಲ್ಲ. ಇಬ್ಬರನ್ನೂ ಹಿಂದೆ ಹಾಕಿದವರು ನಡುವಿನವರು, ಅಂದರೆ ಮಾತಾಡಲೂ ಬಲ್ಲ, ಬಾಯಿ ಮುಚ್ಚಿಕೊಂಡು ಕೇಳಲೂ ಬಲ್ಲ ಜನ. ಗಿರಾಕಿಗಳಾದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮಾತು ನಿಲ್ಲಿಸದವರಿಂದ ತಪ್ಪಿಸಿಕೊಳ್ಳಲು ನಾವು ಎಷ್ಟು ಸಲ "ಯೋಚನೆ ಮಾಡಿ ಹೇಳ್ತೀವಿ" ಎಂದಿಲ್ಲ? ಇದಕ್ಕಿಂತ ಹರಿತವಾದ ಸಾಕ್ಷ್ಯ 1998ರಲ್ಲಿ ಆಂಡ್ರ್ಯೂ ವಿಂಚರ್ ಎಂಬ ಸಂಶೋಧಕ ಮತ್ತು ಜೊತೆಗಾರರು ಮಾರಾಟಗಾರರ ಮೇಲಿನ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದಾಗ ಸಿಕ್ಕಿದ್ದು. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಮೇಲಧಿಕಾರಿಗಳು ಒಳ್ಳೆಯ ಅಂಕ ಕೊಟ್ಟಿದ್ದರು. ಆದರೆ ನಿಜವಾಗಿ ಎಷ್ಟು ಮಾರಿದರು ಎಂಬ ಲೆಕ್ಕಕ್ಕೂ ಆ ಬುದ್ಧಿಯ ಅಂಕಕ್ಕೂ ಹೆಚ್ಚುಕಡಿಮೆ ಸಂಬಂಧವೇ ಇರಲಿಲ್ಲ. ಮ್ಯಾನೇಜರನ್ನು ಮೆಚ್ಚಿಸುವುದು ಒಂದು ವಿದ್ಯೆ, ಗಿರಾಕಿಯನ್ನು ಒಪ್ಪಿಸುವುದು ಇನ್ನೊಂದು. ಆಪ್ಟಿಟ್ಯೂಡ್ ಪರೀಕ್ಷೆ ಮೊದಲನೆಯದನ್ನು ಸೊಗಸಾಗಿ ಹಿಡಿಯುತ್ತದೆ. ಸಾಫ್ಟ್‌ವೇರ್ ಕಂಪನಿಗಳ ಪ್ರವೇಶ ಪರೀಕ್ಷೆಗೆಂದು ಬೆಂಗಳೂರಿನ ಹುಡುಗರು ಶಕುಂತಲಾ ದೇವಿಯವರ ಒಗಟಿನ ಪುಸ್ತಕ ಓದುತ್ತಿದ್ದ ಕಾಲವೊಂದಿತ್ತು. ಅಲ್ಲಾದರೂ ಒಗಟಿಗೂ ಪ್ರೋಗ್ರಾಮಿಗೂ ದೂರದ ನೆಂಟಸ್ತಿಕೆ ಕಲ್ಪಿಸಬಹುದು. ಹಾರ್ಪಿಕ್ ಮಾರುವುದಕ್ಕೂ ಎರಡು ರೈಲು ಯಾವಾಗ ಸಂಧಿಸುತ್ತವೆ ಎಂಬುದಕ್ಕೂ ಏನು ನಂಟು?

ಎರಡನೆಯ ಆಕ್ಷೇಪ ಸ್ವಲ್ಪ ಜಾಣತನದ್ದು. ಸರಿ, ಪ್ರಶ್ನೆಗಳೆಲ್ಲ ಅಸಂಬದ್ಧವೇ ಇರಲಿ. ಆದರೆ ಒಂಬತ್ತು ಸುತ್ತು ಸುತ್ತಿಸುವುದೇ ಒಂದು ಪರೀಕ್ಷೆ. ಬೇಡ ಎಂದರೂ ಬಿಡದೆ ಬರುವವರೇ ಮಾರಾಟಕ್ಕೆ ಬೇಕಾದವರು, ಸುಸ್ತಾದವರು ತಾವಾಗಿ ಉದುರುತ್ತಾರೆ. ಈ ವಾದಿಗಳಿಗೆ ಅತಿ ಪ್ರಿಯವಾದ ಪುರಾಣಪುರುಷ ಥಾಮಸ್ ವಾಟ್ಸನ್. ಮುಂದೆ ಐಬಿಎಂ ಕಟ್ಟಿದ ಈ ಮನುಷ್ಯ 1896ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಪಟ್ಟಣದಲ್ಲಿ ಮುಳುಗಿದ ಮಾಂಸದಂಗಡಿಯ ಮಾಲೀಕ. ಅಂಗಡಿಗೆ ಕಂತಿನ ಮೇಲೆ ಕೊಂಡಿದ್ದ ಕ್ಯಾಶ್ ರಿಜಿಸ್ಟರಿನ ಬಾಕಿಯನ್ನು ಹೊಸ ಮಾಲೀಕನ ಹೆಸರಿಗೆ ವರ್ಗಾಯಿಸಲು ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯ ಕಚೇರಿಗೆ ಹೋದವನು ಅಲ್ಲಿಯ ಮ್ಯಾನೇಜರ್ ಜಾನ್ ರೇಂಜ್ ಬಳಿ ಕೆಲಸ ಕೇಳಿದ. ರೇಂಜ್ ಇಲ್ಲವೆಂದರು. ಮತ್ತೆ ಹೋದ, ಮತ್ತೆ ಇಲ್ಲವೆಂದರು. ಹೀಗೆ ಹಲವು ಸಲವಾದ ಮೇಲೆ ಕೆಲಸ ಸಿಕ್ಕಿತು. ಛಲದ ಕಥೆ ಇಲ್ಲಿಗೆ ಮುಗಿಸಿದರೆ ಪೋಸ್ಟರಿಗೆ ಚೆನ್ನ. ಆದರೆ ಕಥೆ ಮುಗಿಯುವುದು ಇಲ್ಲಲ್ಲ. ಅಷ್ಟು ಛಲವಾದಿ ವಾಟ್ಸನ್ ಮೊದಲ ವಾರಗಳಲ್ಲಿ ಒಂದು ಯಂತ್ರವನ್ನೂ ಮಾರಲಾಗದೆ ಬರಿಗೈಲಿ ಬಂದ. ರೇಂಜ್ ಮೊದಲು ಮೈಮೇಲೆ ಹೋಗಿ ಬೈದರು. ಬಳಿಕ ತಾವೇ ಜೊತೆಗೆ ಹೊರಟು, ಅಂಗಡಿಗಳಿಗೆ ಕರೆದುಕೊಂಡು ಹೋಗಿ, ಹೇಗೆ ಮಾರಬೇಕೆಂದು ಎದುರಿಗೇ ಮಾರಿ ತೋರಿಸಿದರು. ವಾಟ್ಸನ್ ಮಾರಾಟಗಾರನಾದದ್ದು ಆಮೇಲೆ. ಅವನನ್ನು ಬಾಗಿಲೊಳಗೆ ತಂದದ್ದು ಛಲವಿರಬಹುದು, ನಿಲ್ಲಿಸಿದ್ದು ಕಲಿಕೆ.

ಅದೇ ಕಂಪನಿಯ ಒಡೆಯ ಜಾನ್ ಪ್ಯಾಟರ್ಸನ್‌ಗೆ ಈ ಸತ್ಯ ಮೊದಲೇ ಹೊಳೆದಿತ್ತು. ಡೇಟನ್ ಊರಿನಲ್ಲಿ 1884ರಲ್ಲಿ ಕಂಪನಿ ಕೊಂಡ ಆತ, ಭಾವಮೈದುನ ಜೋಸೆಫ್ ಕ್ರೇನ್ ಮಾತ್ರ ಎಲ್ಲರಿಗಿಂತ ಹೆಚ್ಚು ಯಂತ್ರ ಮಾರುತ್ತಿರುವುದನ್ನು ಗಮನಿಸಿ, ಅವನು ಗಿರಾಕಿಯ ಎದುರು ಏನೇನು ಹೇಳುತ್ತಾನೋ ಎಲ್ಲ ಬರೆಸಿಕೊಂಡು 1887ರಲ್ಲಿ ಪುಟ್ಟ ಕೈಪಿಡಿ ಮಾಡಿಸಿದ. ಎಲ್ಲ ಸೇಲ್ಸ್‌ಮನ್‌ಗಳೂ ಅದನ್ನು ಬಾಯಿಪಾಠ ಮಾಡಬೇಕಿತ್ತು. 1890ರ ದಶಕದಲ್ಲಿ ತರಬೇತಿ ಶಾಲೆಯೂ ಶುರುವಾಯಿತು. ಪ್ಯಾಟರ್ಸನ್ ಒಳ್ಳೆಯ ಯಜಮಾನನೇನಲ್ಲ. ಗಿಣಿಪಾಠದ ಹುಚ್ಚೂ, ಕಾರಣವಿಲ್ಲದೆ ಜನರನ್ನು ಕೆಲಸದಿಂದ ಕಿತ್ತೆಸೆಯುವ ಚಟವೂ ಇತ್ತು. ವಾಟ್ಸನ್‌ನನ್ನೂ 1914ರಲ್ಲಿ ಹೊರಹಾಕಿದ. ಆದರೂ ಮಾರುವವರು ಹುಟ್ಟಿಬರಬೇಕಿಲ್ಲ, ಅವರನ್ನು ತಯಾರು ಮಾಡಬಹುದು ಎಂಬ ಅವನ ನಂಬಿಕೆ ಇವತ್ತಿನ ಒಂಬತ್ತು ಸುತ್ತಿನ ಕಂಪನಿಗಳಿಗೆ ಇಲ್ಲ. ಅವು ಆಯ್ಕೆಗೆ ಒಂದು ತಿಂಗಳು ತೆಗೆದುಕೊಂಡು ತರಬೇತಿಗೆ ಮೂರು ದಿನ ಕೊಟ್ಟು ನಾಲ್ಕನೆಯ ದಿನ ಟಾರ್ಗೆಟ್ ಕೈಗಿಡುತ್ತವೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲಿದೆ: ಹಿಂದೂಸ್ತಾನ್ ಲಿವರ್ 1970ರ ದಶಕದಲ್ಲಿ ತನ್ನ ಮ್ಯಾನೇಜ್‌ಮೆಂಟ್ ಟ್ರೈನಿಗಳನ್ನು ಉತ್ತರ ಪ್ರದೇಶದ ಎಟಾ ಜಿಲ್ಲೆಯ ಹಳ್ಳಿಗಳಿಗೆ ಕಳಿಸಿ ಕೆಲವು ವಾರ ಅಲ್ಲೇ ಇರುವಂತೆ ಮಾಡತೊಡಗಿತು. ಸೋಪು ಕೊಳ್ಳುವವರ ಮನೆಯೊಳಗೆ ನೀರು ಎಲ್ಲಿಂದ ಬರುತ್ತದೆ ಎಂದು ಗೊತ್ತಿಲ್ಲದವರು ಸೋಪು ಮಾರಲಾರರು ಎಂಬ ಸರಳ ತಿಳಿವಳಿಕೆ ಅದು.

ಛಲದ ಪರೀಕ್ಷೆಗೆ ಇನ್ನೂ ಒಂದು ಉತ್ತರ ಉಳಿದಿದೆ. ಒಂಬತ್ತನೆಯ ಸುತ್ತಿನವರೆಗೂ ಉಳಿಯುವವರು ಛಲವಂತರೇ ಆಗಿರಬೇಕಿಲ್ಲ. ಬೇರೆ ದಾರಿ ಇಲ್ಲದವರೂ ಆಗಿರಬಹುದು. ಕೈಯಲ್ಲಿ ಇನ್ನೊಂದು ಆಫರ್ ಇರುವವರು ನಾಲ್ಕನೆಯ ಸುತ್ತಿಗೇ ನಮಸ್ಕಾರ ಹೇಳಿ ಹೋಗುತ್ತಾರೆ. ಈಗಿರುವ ಕೆಲಸಕ್ಕೆ ಸುಳ್ಳು ಹೇಳಿ ರಜೆ ಹಾಕಲಾಗದ ಪ್ರಾಮಾಣಿಕರೂ ಹೋಗುತ್ತಾರೆ. ಚಿಂತಾಮಣಿಯಿಂದಲೋ ಮಂಡ್ಯದಿಂದಲೋ ಪ್ರತಿ ಸುತ್ತಿಗೂ ಬೆಂಗಳೂರಿಗೆ ಬಸ್ ಚಾರ್ಜ್ ಹಾಕಬೇಕಾದವರು ಮೂರನೆಯದಕ್ಕೆ ಯೋಚಿಸುತ್ತಾರೆ. ಜರಡಿ ಹಿಡಿಯುವುದು ನಿಜ, ಆದರೆ ಕಾಳು ಯಾವ ಕಡೆ ಬೀಳುತ್ತಿದೆ ಎಂದು ಯಾರೂ ನೋಡುತ್ತಿಲ್ಲ. ನೋಡಿದ ಒಂದು ಸಂದರ್ಭವನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಸೆಲಿಗ್‌ಮನ್ ಹೇಳುತ್ತಾರೆ. 1980ರ ದಶಕದಲ್ಲಿ ಮೆಟ್ರೋಪಾಲಿಟನ್ ಲೈಫ್ ವಿಮಾ ಕಂಪನಿ, ತನ್ನ ಮಾಮೂಲಿ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ಫೇಲಾಗಿದ್ದ, ಆದರೆ ಸೋಲನ್ನು ಹಚ್ಚಿಕೊಳ್ಳದ ಸ್ವಭಾವದಲ್ಲಿ ಮುಂದಿದ್ದ ನೂರಕ್ಕೂ ಹೆಚ್ಚು ಮಂದಿಯನ್ನು ಸೆಲಿಗ್‌ಮನ್ ಅವರ ಸಲಹೆಯ ಮೇರೆಗೆ ಕೆಲಸಕ್ಕೆ ತೆಗೆದುಕೊಂಡಿತು. ಪರೀಕ್ಷೆ ಪಾಸಾಗಿ ಬಂದಿದ್ದ ನಿರಾಶಾವಾದಿಗಳಿಗಿಂತ ಈ ಫೇಲಾದವರು ಮೊದಲ ವರ್ಷ ಶೇ. 21, ಎರಡನೆಯ ವರ್ಷ ಶೇ. 57ರಷ್ಟು ಹೆಚ್ಚು ವಿಮೆ ಮಾರಿದರು. ಸೆಲಿಗ್‌ಮನ್ ತಮ್ಮ ಸಿದ್ಧಾಂತವನ್ನೇ ಮಾರುತ್ತಿದ್ದರು ಎಂದು ಬೇಕಾದರೆ ರಿಯಾಯಿತಿ ಕಳೆಯಿರಿ. ಬಾಗಿಲಲ್ಲಿ ತಡೆದು ಕಳಿಸಿದವರಲ್ಲಿ ಮಾರಬಲ್ಲವರು ಇದ್ದರು ಎಂಬುದು ಆಗಲೂ ಉಳಿಯುತ್ತದೆ.

ನಮ್ಮ ರಾಜ್ಯದಲ್ಲಿ ಬಾಗಿಲಲ್ಲಿ ತಡೆಯುವ ಇನ್ನೊಂದು ಕಾವಲುಗಾರ ಇಂಗ್ಲಿಷ್. ಹುದ್ದೆ ಚಿಕ್ಕಪೇಟೆಯ ಹೋಲ್‌ಸೇಲ್ ಅಂಗಡಿಗಳದ್ದೋ, ಹಾಸನ ಜಿಲ್ಲೆಯ ಗೊಬ್ಬರದಂಗಡಿಗಳದ್ದೋ ಇರಬಹುದು. ಕೊಳ್ಳುವವರು ಚೌಕಾಸಿ ಮಾಡುವುದು ಕನ್ನಡದಲ್ಲಿ, ಮಾರ್ವಾಡಿ ಬೆರೆತ ಕನ್ನಡದಲ್ಲಿ, ತೆಲುಗು ತಮಿಳು ಉರ್ದು ಸೇರಿದ ಪೇಟೆಯ ಮಾತಿನಲ್ಲಿ. ಸಂದರ್ಶನ ಮಾತ್ರ "ನಿಮ್ಮ ಬಗ್ಗೆ ಹೇಳಿ" ಎಂಬುದರಿಂದ ಕೊನೆಯವರೆಗೂ ಇಂಗ್ಲಿಷಿನಲ್ಲಿ. ರಿಪೋರ್ಟು ಇಂಗ್ಲಿಷಿನಲ್ಲಿ ಬರೆಯಬೇಕಲ್ಲ ಎಂಬ ಸಮಾಧಾನ ಇದೆ. ಅದಕ್ಕೆ ಬರೆಯುವ ಪರೀಕ್ಷೆ ಕೊಡಲಿ, ಬೇಡವೆಂದವರಾರು? ರೈತರಿಗೆ ಔಷಧದ ಅಳತೆಯನ್ನು ತಪ್ಪಿಲ್ಲದೆ ತಿಳಿಸಬಲ್ಲ, ಅಂಗಡಿಯ ಹಿರಿಯರನ್ನು "ಏನ್ ಯಜಮಾನ್ರೇ" ಎಂದು ಮಾತಾಡಿಸಿ ಹಳೆಯ ಬಾಕಿ ಎತ್ತಬಲ್ಲ ಹುಡುಗ ಅಥವಾ ಹುಡುಗಿ, ಆ ಎಸಿ ಕೋಣೆಯಲ್ಲಿ ನಾಲಿಗೆ ಕಟ್ಟಿ ಕೂರುತ್ತಾರೆ. ಅವರ ಹಾಳೆಯ ಮೇಲೆ 'ಕಮ್ಯುನಿಕೇಷನ್ ಸಾಲದು' ಎಂದು ಬೀಳುತ್ತದೆ. ಯಾರ ಜೊತೆ ಕಮ್ಯುನಿಕೇಷನ್ ಎಂಬ ಕಾಲಂ ಆ ಹಾಳೆಯಲ್ಲಿಲ್ಲ.

ತಪ್ಪು ಆಯ್ಕೆ ಕಂಪನಿಗೆ ದುಬಾರಿ, ಆದ್ದರಿಂದ ಎಚ್ಚರ ಬೇಕು ಎಂಬ ಕೊನೆಯ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಂದು ಏರಿಯಾವನ್ನು ಅಸಮರ್ಥರ ಕೈಗೆ ಕೊಟ್ಟು ಆರು ತಿಂಗಳು ಕಳೆದರೆ ಅಂಗಡಿಗಳಲ್ಲಿ ಹೋದ ಹೆಸರು ವರ್ಷಕ್ಕೂ ಮರಳುವುದಿಲ್ಲ. ಎಚ್ಚರವೆಂದರೆ ಸುತ್ತುಗಳ ಸಂಖ್ಯೆ ಎಂಬುದನ್ನಷ್ಟೇ ಒಪ್ಪುವುದಿಲ್ಲ. ಹುಚ್ಚುಹುಚ್ಚು ಒಗಟುಗಳಿಗೆ ಹೆಸರಾಗಿದ್ದ ಗೂಗಲ್ ಕಂಪನಿಯೇ ತನ್ನ ಹಳೆಯ ದಾಖಲೆ ಕೆದಕಿ, ನಾಲ್ಕು ಸಂದರ್ಶನಗಳ ನಂತರ ಹೊಸದಾಗಿ ತಿಳಿಯುವುದು ಹೆಚ್ಚೇನಿಲ್ಲ, ಒಗಟುಗಳಿಂದ ತಿಳಿಯುವುದು ಏನೂ ಇಲ್ಲ ಎಂಬ ತೀರ್ಮಾನಕ್ಕೆ ಬಂದಿತು. ನಿಜಕ್ಕೂ ಕಠಿಣವಾದ ಆಯ್ಕೆ ಹೇಗಿರಬಹುದು? ಎರಡು ಸುತ್ತು, ಎಲ್ಲರಿಗೂ ಅವೇ ಪ್ರಶ್ನೆ. ಪ್ಯಾನೆಲ್‌ನವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಮೊದಲೇ ಅಂಕ ಬರೆದಿಡಬೇಕು. ಇಲ್ಲದಿದ್ದರೆ ಹಿರಿಯ ಮ್ಯಾನೇಜರ್ ಹುಬ್ಬು ಏರಿಸಿದ ದಿಕ್ಕಿಗೆ ಎಲ್ಲರ ಅಂಕವೂ ವಾಲುತ್ತದೆ. ಆಮೇಲೆ ಒಂದು ದಿನ ಹಳೆಯ ಸೇಲ್ಸ್‌ಮನ್ ಒಬ್ಬರ ಜೊತೆ ಬೀಟ್‌ಗೆ ಕಳಿಸಿ, ದಿನದ ಕೂಲಿ ಕೊಟ್ಟು. ಕೂಲಿಯ ಮಾತು ಎತ್ತಿದ್ದಕ್ಕೆ ಕಾರಣವಿದೆ. ಪ್ರೆಸೆಂಟೇಶನ್ ಸುತ್ತಿನ ಹೆಸರಿನಲ್ಲಿ ಅಭ್ಯರ್ಥಿಗಳಿಂದ ಐವತ್ತು ಸಂಭಾವ್ಯ ಗಿರಾಕಿಗಳ ಪಟ್ಟಿ, ಪ್ರತಿಸ್ಪರ್ಧಿ ಕಂಪನಿಯ ದರ, ತೊಂಬತ್ತು ದಿನಗಳ ಮಾರುಕಟ್ಟೆ ಯೋಜನೆ ಬರೆಸಿಕೊಳ್ಳುವ ಪದ್ಧತಿ ಈಗ ಬೆಳೆದಿದೆ. ಹತ್ತು ಮಂದಿಯಿಂದ ಹೀಗೆ ಬರೆಸಿಕೊಂಡು ಒಬ್ಬರನ್ನು ತೆಗೆದುಕೊಂಡರೆ ಉಳಿದ ಒಂಬತ್ತು ಯೋಜನೆಗಳು ಬಿಟ್ಟಿ. ಇಂಥ ಕಡೆ ಪರೀಕ್ಷೆ ನಡೆಯುತ್ತಿದೆಯೋ ಸಂಗ್ರಹಣೆಯೋ ಎಂಬ ಅನುಮಾನ ಬಂದರೆ ಅಭ್ಯರ್ಥಿಯನ್ನು ದೂರುವಂತಿಲ್ಲ.

ಅಭ್ಯರ್ಥಿಗಳಿಗೂ ಹಿಂದಿರುಗಿ ಕೇಳುವ ಹಕ್ಕಿದೆ, ಕೇಳಬೇಕಾದ್ದೂ ಇದೆ. ಔಷಧ ಪ್ರತಿನಿಧಿಗಳಂಥವರಿಗೆ ನೇಮಕ ಪತ್ರ ಕೊಡಬೇಕು, ರಜೆ ಕೊಡಬೇಕು ಎಂದು ಹೇಳಲು 1976ರಲ್ಲಿ ಕೇಂದ್ರ ಸರ್ಕಾರ ಮಾರಾಟ ಉತ್ತೇಜನ ನೌಕರರಿಗಾಗಿಯೇ ಒಂದು ಕಾಯ್ದೆ ತರಬೇಕಾಯಿತು ಎಂಬುದನ್ನು ನೆನೆದರೆ, ಈ ವೃತ್ತಿಯಲ್ಲಿ ಮಾತಿನ ಭರವಸೆಗೆ ಎಷ್ಟು ತೂಕವಿತ್ತು ಎಂಬುದು ತಿಳಿಯುತ್ತದೆ. ಪೆನ್ನಿನ ಪ್ರಶ್ನೆ ಮುಗಿದ ಮೇಲೆ "ನಿಮ್ಮದೇನಾದರೂ ಪ್ರಶ್ನೆ ಇದೆಯೇ?" ಎಂದು ಕೇಳುವುದು ವಾಡಿಕೆ, ಕಂಪನಿಯ ಭವಿಷ್ಯದ ಕನಸಿನ ಬಗ್ಗೆ ವಿನಯದಿಂದ ವಿಚಾರಿಸುವುದೂ ವಾಡಿಕೆ. ಅದರ ಬದಲು ಕೇಳಬಹುದಾದದ್ದು ಹೀಗೆ: ಈ ಏರಿಯಾದಲ್ಲಿ ನನಗಿಂತ ಮುಂಚೆ ಯಾರಿದ್ದರು, ಎಷ್ಟು ದಿನ ಇದ್ದರು, ಯಾಕೆ ಬಿಟ್ಟರು? ನಿಮ್ಮ ತಂಡದಲ್ಲಿ ಕಳೆದ ವರ್ಷ ಟಾರ್ಗೆಟ್ ಮುಟ್ಟಿದವರು ಎಷ್ಟು ಮಂದಿ? ನೀವು ಹೇಳಿದ ಸಂಬಳದಲ್ಲಿ ಇನ್ಸೆಂಟಿವ್ ಎಷ್ಟು, ಅದು ಕೈಗೆ ಬರುವುದು ಬಿಲ್ ಆದಾಗಲೋ ವಸೂಲಿಯಾದಾಗಲೋ? ಪೆಟ್ರೋಲ್ ಯಾರದು? ಇವಕ್ಕೆ ಅಂಕಿ ಸಂಖ್ಯೆಯಲ್ಲಿ ಉತ್ತರ ಕೊಡುವ ಮ್ಯಾನೇಜರ್ ಸಿಕ್ಕರೆ ಒಂಬತ್ತಲ್ಲ, ಹತ್ತನೆಯ ಸುತ್ತಿಗೂ ಹೋಗಬಹುದು. "ಇಲ್ಲಿ ನಾವೆಲ್ಲ ಒಂದೇ ಕುಟುಂಬದವರಿದ್ದ ಹಾಗೆ" ಎಂಬ ಉತ್ತರ ಬಂದರೆ, ಆ ಕುಟುಂಬ ಬಿಟ್ಟುಹೋದ ಒಬ್ಬಿಬ್ಬರ ಫೋನ್ ನಂಬರ್ ಇಸಿದುಕೊಳ್ಳುವುದು ಒಳ್ಳೆಯದು.